ಆರಿಸಿದ ಮೇಲೂ

ಮೇನ್ ಸ್ವಿಚ್ ಕೆಳಗೆಳೆದು ಮನೆಯ ಫ್ಯಾನುಗಳೆಲ್ಲ ನಿಂತ ಮೇಲೂ ಮಗಳ ಕೈಯಲ್ಲಿದ್ದ, ಕರೆಂಟು ಅಳೆಯುವ ಮೀಟರು ಸೊನ್ನೆಗಿಳಿಯಲಿಲ್ಲ. ಬಚ್ಚಲ ಹೊರಗೋಡೆಯ ಕಬ್ಬಿಣದ ಪೈಪಿನಿಂದ ನೆಲಕ್ಕಿಳಿದ ತಂತಿಯಲ್ಲಿ ಇನ್ನೂ ಕರೆಂಟು ಹರಿಯುತ್ತಿತ್ತು. ಬೆಳಿಗ್ಗೆ ನಲ್ಲಿ ಮುಟ್ಟಿ ಕೈ ಜುಮ್ಮೆಂದಿದ್ದ ಅಮ್ಮನಿಗೆ, "ಮೇನ್ ಆಫ್ ಮಾಡ್ತೀನಿ, ಧೈರ್ಯವಾಗಿ ಸ್ನಾನ ಮಾಡು" ಎಂದವಳು ಅವಳೇ.

"ಆಯ್ತೇನೇ, ಇಂಜಿನಿಯರಮ್ಮ? ಮುಖದ ತುಂಬ ಸೋಪು ಹಚ್ಕೊಂಡು ಕೂತಿದೀನಿ," ಒಳಗಿಂದ ಅಮ್ಮ ನಕ್ಕಳು.

ಹರಿದುಹೋಗುವ ಕರೆಂಟು ಎಲ್ಲಿಂದಲೋ ಬಂದಿರಲೇಬೇಕು. ಕಾಲೇಜಿನ ಪರೀಕ್ಷೆಯಲ್ಲಿ ಸರ್ಕ್ಯೂಟಿನ ಲೆಕ್ಕ ಬಿಡಿಸುವಾಗಲೂ ಅವಳು ಇದೇ ತಪ್ಪು ಮಾಡುತ್ತಿದ್ದಳು: ಬೇರೆಲ್ಲೋ ಹರಿಯುವ ಕರೆಂಟನ್ನು ನೆಚ್ಚಿಕೊಂಡ ಅವಲಂಬಿತ ವಿದ್ಯುತ್ ಮೂಲವನ್ನೂ ಉಳಿದ ಮೂಲಗಳ ಜೊತೆ ಆರಿಸಿಬಿಡುತ್ತಿದ್ದಳು. ಅದು ಹಾಗೆಲ್ಲ ಆರುವುದಿಲ್ಲ.

ಪಕ್ಕದ ಮನೆಯ ಬಡಗಿಯ ಗರಗಸದ ಮಷೀನು ನಿಂತಿತು. ಮೀಟರಿನ ಅಂಕಿಯೂ ಸೊನ್ನೆಯಾಯಿತು. ಎರಡೂ ಮನೆಗೆ ನೀರಿನ ಪೈಪು ಒಂದೇ.

"ಅಮ್ಮಾ, ನಲ್ಲಿ ಮುಟ್ಬೇಡ!"

ಅಷ್ಟರಲ್ಲೇ ಗೋಡೆಯಾಚೆ ಗರಗಸ ಮತ್ತೆ ಕಿರುಚತೊಡಗಿತು. ಅಂಕಿ ಏರಿತು.

"ಏನಂದೆ? ಕೇಳಿಸ್ತಿಲ್ಲ ಕಣೇ," ಅಮ್ಮ ಕೂಗಿದಳು. "ತಾಳು, ಕಣ್ಣುರೀತಿದೆ, ನಲ್ಲಿ ತಿರುಗಿಸ್ಕೋತೀನಿ."