ಅಂಬೂಬಾಯಿಯ ಬಲಗೈ

ಕೃತಕ ಕೈಕಾಲು ಮಾಡುತ್ತಿದ್ದ ಕಂಪನಿ ಮುಚ್ಚಿದ ಮೇಲೆ ಟೇಲರ್ ಅಂಬೂಬಾಯಿಯ ಕೃತಕ ಬಲಗೈ ನಿಂತುಹೋಗಿ ನಾಲ್ಕು ತಿಂಗಳಾಗಿತ್ತು. ಕೈಯನ್ನು ನಡೆಸುವ ಲಿನಕ್ಸ್ ಕರ್ನಲ್ ಎಂಬ ಮೂಲ ತಂತ್ರಾಂಶ ಹಳೆಯದಾಗಿತ್ತು. ಹೊಸದನ್ನು ಅವರವರೇ ಕಟ್ಟಿ ಹಾಕಿಕೊಳ್ಳಬೇಕು; ಅದಕ್ಕೂ ಮೊದಲು ಕಲಿಕೆಯ ಕಂಪ್ಯೂಟರಿಗೆ ಹಾಕಿ ತೋರಿಸಬೇಕು ಎಂಬುದು ನಿಯಮ. ಹೀಗಾಗಿ ಆ ಕಂಪ್ಯೂಟರುಗಳಿದ್ದ ಬೆಟಗೇರಿಯ ಗ್ರಂಥಾಲಯಕ್ಕೆ ದಿನವೂ ಹತ್ತಾರು ಜನ ಅಲುಗಾಡದ ಕೈಕಾಲುಗಳೊಂದಿಗೆ ಬಂದು ಕೂರುತ್ತಿದ್ದರು.

ಅಂಬೂಬಾಯಿ ಎಡಗೈಯಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಹಾಕಿ ನೋಡಿದ ಐದು ಸಲವೂ ಕಂಪ್ಯೂಟರ್ ಕಪ್ಪು ಪರದೆಯಲ್ಲೇ ನಿಂತಿತು.

"ನಾನ ಹಾಕಿಕೊಡ್ಲೇನ್ರಿ ಅಕ್ಕಾ?" ಎಂದು ಕಲಿಸುವ ಮೆಹರುನ್ನೀಸಾ ಕೇಳಿದಳು.

"ಬ್ಯಾಡ್ರಿ ಟೀಚರ್. ಮತ್ತ ನಿಂತ್ರ ನಿಮ್ಮನ್ನ ಹುಡುಕ್ಕೋತ ಅಡ್ಡಾಡ್ಲೇನು?"

ಆರನೆಯ ಸಲ, ಡಿಸ್ಕನ್ನು ಓದಿಸುವ ಡ್ರೈವರ್ ಎಂಬ ತುಣುಕು ಬಿಟ್ಟುಹೋಗಿದ್ದನ್ನು ತಾನೇ ಪತ್ತೆಹಚ್ಚಿ ಸೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಸಾಲುಗಳು ಸರಸರನೆ ಹರಿದು ಕಂಪ್ಯೂಟರ್ ಎದ್ದು ಕುಳಿತಿತು.

"ಪಾಸಾದ್ರಿ. ಇನ್ನ ಕೈಗೆ ಹಾಕ್ರಿ," ಎಂದಳು ಮೆಹರುನ್ನೀಸಾ.

ಅಂಬೂಬಾಯಿ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು ಕೇಬಲ್ ಸಿಕ್ಕಿಸಿದಳು. ಕರ್ನಲ್‌ಗೆ ಹೆಸರು ಸೇರಿಸುವ ಜಾಗವನ್ನು ಎಲ್ಲರೂ ಖಾಲಿ ಬಿಡುತ್ತಿದ್ದರು. ಅವಳು ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಮಣಿಕಟ್ಟಿನ ಪುಟ್ಟ ಪರದೆಯಲ್ಲಿ 'ಅಂಬೂಬಾಯಿ' ಎಂದು ಮೂಡಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಹೆಸರ ಯಾಕ ಹಾಕಿದ್ರಿ ಅಕ್ಕಾ?"

ಅಂಬೂಬಾಯಿ ಮುಷ್ಟಿ ಕಟ್ಟಿ ಬಿಚ್ಚಿ ನೋಡಿದಳು.

"ಮೂವತ್ತ ವರ್ಷ ಮಂದಿ ಅಂಗಿ ಕಾಲರಿಗೆ ಅಂಗಡಿ ಮಾಲಕರ ಹೆಸರಿನ ಪಟ್ಟಿ ಹೊಲದೀನ್ರಿ. ಇದು ನಾ ಮಾಡಿದ್ದು. ಇದಕ್ಕ ನನ್ನ ಹೆಸರ ಇರ್ಲಿ."