ಮುಂದಿನ ಸಾಲಿನ ಅತಿಥಿಗಳು

ಊರಿನ ಚಿತ್ರ ಸಮಾಜದವರು ತಮ್ಮ ಪುಟ್ಟ ಥಿಯೇಟರಿನಲ್ಲಿ ‘ನೆಲೆ ಕಳೆದುಕೊಂಡವರ ಸಿನಿಮಾ ವಾರ’ ಇಟ್ಟುಕೊಂಡಿದ್ದರು. ಕೊನೆಯ ದಿನದ ಸಾಕ್ಷ್ಯಚಿತ್ರ ದುರ್ಗವ್ವನ ಓಣಿಯನ್ನು ಕೆಡವಿದ್ದರ ಬಗ್ಗೆ. ಹಾಗಾಗಿ ಓಣಿಯವರಿಗೆಲ್ಲ ಮುಂದಿನ ಸಾಲು, ಕೊರಳಿಗೊಂದು ಹಾರ.

ಕೆಡವುವ ಪಟ್ಟಿಯಲ್ಲಿ ದುರ್ಗವ್ವನ ಮನೆ ಇರಲೇ ಇಲ್ಲ. ಮತ್ಯಾಕೆ ಬಿತ್ತು ಎಂದು ಕೇಳಿಕೊಂಡು ನಾಲ್ಕು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಿದ್ದಳು. ಒಬ್ಬ ಅಧಿಕಾರಿಯೂ ಕಾರಣ ಹೇಳಿರಲಿಲ್ಲ.

ಚಿತ್ರದ ಕೊನೆಗೆ ಬುಲ್ಡೋಜರ್ ಅವಳ ಮನೆಗೇ ಕೈ ಹಾಕಿತು. ಬಿಸಿಲಿನಲ್ಲಿ ಧೂಳು ಬಂಗಾರದ ಹಾಗೆ ಎದ್ದಿತು.

“ಯಕ್ಕಾ, ನಿನ್ನ ಮನಿ ಎಷ್ಟ್ ದೊಡ್ಡದ ಕಾಣಾಕತ್ತೈತಿ ನೋಡು! ಇದ್ದಾಗ ಕಾಲ ಚಾಚಾಕ ಜಾಗ ಇರಲಿಲ್ಲ,” ಎಂದು ನೆರೆಮನೆಯ ಶಾಂತವ್ವ ಮೊಣಕೈಯಿಂದ ತಿವಿದಳು. ದುರ್ಗವ್ವನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ದೀಪಗಳು ಹತ್ತಿದವು. ರೂಢಿಯಂತೆ ನಿರ್ದೇಶಕರ ಜೊತೆ ಸಂವಾದ. ಹಿಂದಿನಿಂದ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಕೊನೀ ಮನಿ ಬೀಳೂ ಶಾಟ್ ನೋಡಿ ಮೈ ಜುಮ್ ಅಂತು. ಅಂಥಾ ಬೆಳಕು ಹೆಂಗ ಸಿಕ್ತ್ರಿ?”

ನಿರ್ದೇಶಕರು ಮೈಕು ಹಿಡಿದು ನಕ್ಕರು.

“ಮೋಡ ಹೋಗಿ ಬಿಸಿಲು ಬರೋಷ್ಟ್ರಲ್ಲಿ ಕೆಡವೋರ ಕೆಲಸ ಎಲ್ಲಾ ಮುಗಿದುಹೋಗಿತ್ತಮ್ಮ. ಆ ಡ್ರೈವರ್ ಪುಣ್ಯಾತ್ಮ, ನಾವು ಕೇಳ್ಕೊಂಡಿದ್ದಕ್ಕೆ ಇನ್ನೊಂದು ಮನೆ ಕೆಡವಿಕೊಟ್ಟ.”