ಬಿಟ್ಟುಹೋದ ಮನೆ

ಬೆಳಗಿನ ರೈಲು ಹೊರಟಮೇಲೆ ಆ ಊರಿನ ಮನೆಗಳಿಗೆಲ್ಲ ಬೀಗ. ತೆರೆದಿದ್ದ ಒಂದೇ ಬಾಗಿಲಿನ ಮುಂದೆ ಗಣತಿಯ ಮೇಷ್ಟ್ರು ನಿಂತರು.

"ನಿಮ್ಮನೆಗೆ ಸ್ಟಿಕ್ಕರ್ ಅಂಟಿಸಿಲ್ವಲ್ಲಮ್ಮ. ಗಣತಿಯೋರು ಯಾರೂ ಬಂದಿರ್ಲಿಲ್ವಾ?"

"ಇಲ್ಲ ಸಾರ್. ಒಳಗೆ ಬನ್ನಿ, ಕಾಫಿ ಮಾಡ್ತೀನಿ."

"ಮನೇಲಿ ಎಷ್ಟು ಜನ?"

"ನಾನು, ಯಜಮಾನ್ರು. ಅವರು ಸಿಟಿಗೆ ಹೋದ್ರೆ ಬರೋದು ರಾತ್ರಿ ರೈಲಿಗೇ."

"ಮಾತೃಭಾಷೆ?"

"ಕನ್ನಡ. ಆ ಕಡೆಯೋರು ಒಡಿಯಾ, ಈ ಕಡೆಯೋರು ಬಂಗಾಳಿ. ಅವರೂ ಹಗಲು ಇರಲ್ಲ. ಮುಂದೆ ವಿದ್ಯಾಭ್ಯಾಸ ಕೇಳ್ತೀರಲ್ವಾ? ಪಿಯುಸಿ. ನಿಧಾನಕ್ಕೆ ಬರ್ಕೊಳ್ಳಿ ಸಾರ್."

ಮೇಷ್ಟ್ರು ನಕ್ಕರು. ಕಾಫಿ ಕುಡಿದು, ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ, "ಇನ್ನು ಯಾರೂ ಬಂದು ತೊಂದರೆ ಕೊಡಲ್ಲಮ್ಮ" ಎಂದು ಹೇಳಿ ಹೊರಟರು.

ಅವರು ಬೀದಿಯ ತಿರುವು ದಾಟುವವರೆಗೂ ಕಾದಿದ್ದು, ಅವಳು ಬಿಸಿನೀರಲ್ಲಿ ಬಟ್ಟೆ ಅದ್ದಿ ತಂದು, ಹಿಂದಿನ ಎರಡು ಸ್ಟಿಕ್ಕರ್‌ಗಳನ್ನು ಕಿತ್ತ ಹಾಗೆಯೇ ಇದನ್ನೂ ಗುರುತು ಉಳಿಯದಂತೆ ಕೀಳತೊಡಗಿದಳು.